ಕಂಪ್ಯೂಟರಿಗೆ ಎಣ್ಣೆ ಹಾಕಿದ ಮಾಸ್ಟರ್

ಕಂಪ್ಯೂಟರಿಗೆ ಎಣ್ಣೆ ಹಾಕಬಾರದು ಎಂದು ಯಾವ ಪುಸ್ತಕದಲ್ಲೂ ಬರೆದಿಲ್ಲ. ಬರೆಯುವವರಿಗೆ ಅಂಥದ್ದೊಂದು ಅನುಮಾನವೇ ಬಂದಿರಲಿಕ್ಕಿಲ್ಲ. ಪಾಪ, ಅವರು ನಮ್ಮೂರು ರಾಯದುರ್ಗದಲ್ಲಿ ಹುಟ್ಟಿದವರಲ್ಲ, ನಮ್ಮ ಮಾಸ್ಟರನ್ನು ಕಂಡವರೂ ಅಲ್ಲ.

ಮಾಸ್ಟರ್ ಹೋದ ಸುದ್ದಿ ಬಂದಾಗ ನಾನು ಮಡಕಶಿರದ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿದ್ದೆ. ನಾನಿಲ್ಲಿ ಲೆಕ್ಕದ ಟೀಚರು. ಕಂಪ್ಯೂಟರ್ ಕೋಣೆಯ ಬೀಗದ ಕೈಯೂ ನನ್ನ ಬಳಿಯೇ ಇರುತ್ತದೆ. ಆರು ಕಂಪ್ಯೂಟರುಗಳಿವೆ. ಆರಕ್ಕೂ ಬಂದ ದಿನದ ಪ್ಲಾಸ್ಟಿಕ್ ಹೊದಿಕೆ ಹಾಗೇ ಇದೆ. ಮಕ್ಕಳು ಮುಟ್ಟಿದರೆ ಕೆಡುತ್ತವೆ, ಕೆಟ್ಟರೆ ಮೇಲಿನವರಿಗೆ ಉತ್ತರ ಹೇಳಬೇಕು, ಮುಟ್ಟದಿದ್ದರೆ ಯಾರೂ ಏನೂ ಕೇಳುವುದಿಲ್ಲ. ಆದ್ದರಿಂದ ನಮ್ಮಲ್ಲಿ ಕಂಪ್ಯೂಟರ್ ಶಿಕ್ಷಣವೆಂದರೆ ವಾರಕ್ಕೊಮ್ಮೆ ನಾನು ಬೀಗ ತೆಗೆದು, ಧೂಳು ಹೊಡೆದು, ಮತ್ತೆ ಬೀಗ ಹಾಕುವುದು. ಈ ಘನಕಾರ್ಯದ ನಡುವೆ ಅಪ್ಪನ ಫೋನು ಬಂತು.

“ಪಾಪಾ, ಮಾಸ್ಟರ್ ಹೋದ್ನವ್ವಾ. ಮುಂಜಾನಿ ಚಾ ಕುಡದು ಕುಂತಾವ ಹಂಗ ಗ್ವಾಡಿಗೆ ಒರಗಿದ್ನಂತ. ಬರಾಕ ಆಗತೈತೇನು?”

ಬರುತ್ತೇನೆ ಎಂದೆ. ಕೈಯಲ್ಲಿದ್ದ ಧೂಳಿನ ಬಟ್ಟೆಯನ್ನು ಮೂಸಿ ನೋಡಿಕೊಂಡೆ. ಏಕೆ ಮೂಸಿದೆನೋ ಗೊತ್ತಿಲ್ಲ. ಅದರಲ್ಲಿ ಧೂಳಿನ ವಾಸನೆ ಮಾತ್ರ ಇತ್ತು.

ಮಾಸ್ಟರ್ ಎಂದರೆ ಶಾಲೆಯ ಮೇಷ್ಟ್ರಲ್ಲ. ಜೀನ್ಸ್ ಹೊಲಿಯುವ ನಮ್ಮೂರಲ್ಲಿ ಮಾಸ್ಟರ್ ಎಂದರೆ ಕಟಿಂಗ್ ಮಾಸ್ಟರ್. ಬಟ್ಟೆಯನ್ನು ಉದ್ದನೆಯ ಮೇಜಿನ ಮೇಲೆ ಪದರ ಪದರವಾಗಿ ಹಾಸಿ, ಮೇಲಿನ ಪದರದಲ್ಲಿ ಬಳಪದ ಗೆರೆ ಎಳೆದು, ಕರೆಂಟಿನ ಕತ್ತಿಯಿಂದ ಒಂದೇ ಏಟಿಗೆ ನೂರು ಪ್ಯಾಂಟಿನ ಕಾಲು ಕತ್ತರಿಸುವ ಆಸಾಮಿ. “ಡಾಕ್ಟರ್ ತಪ್ಪಿದ್ರ ಒಬ್ಬ ಕುಂಟತಾನ, ನಾ ತಪ್ಪಿದ್ರ ನೂರು ಮಂದಿ ಕುಂಟತಾರ” ಎನ್ನುವುದು ಅವರ ಹೆಮ್ಮೆಯ ಮಾತು. ಕೊರಳಲ್ಲಿ ಅಳತೆಯ ಟೇಪು, ಕಿವಿಯ ಮೇಲೆ ಬಳಪ, ಬೆರಳುಗಳ ತುದಿಯಲ್ಲಿ ಎಷ್ಟು ತಿಕ್ಕಿದರೂ ಹೋಗದ ನೀಲಿ. ಊಟಕ್ಕೆ ಕೂತಾಗ ಆ ನೀಲಿ ಬೆರಳುಗಳಿಂದ ಅನ್ನ ಕಲಸುವುದನ್ನು ನೋಡಿದರೆ ಮೊಸರನ್ನದ ಮೇಲೆ ಕನಿಕರ ಬರುತ್ತಿತ್ತು.

ಅವರು ಹತ್ತು ವರ್ಷ ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಯೊಂದರಲ್ಲಿ ದುಡಿದವರು. ಆ ಕಾರ್ಖಾನೆ ಮುಚ್ಚುವ ಹೊತ್ತಿಗೆ ನಮ್ಮೂರಿನ ಬೀದಿ ಬೀದಿಯಲ್ಲಿ ಹೊಲಿಗೆ ಮಿಷನ್ನುಗಳ ಸದ್ದು ಶುರುವಾಗಿತ್ತು. ಬೆಂಗಳೂರಿನಿಂದ ವಾಪಸಾದವರೆಲ್ಲ ಮಿಕ್ಸಿ ತಂದರು, ಕುಕ್ಕರ್ ತಂದರು, ಗೋಡೆಗೆ ಹಾಕುವ ದೊಡ್ಡ ಗಡಿಯಾರ ತಂದರು. ಮಾಸ್ಟರ್ ಕಂಪ್ಯೂಟರ್ ತಂದರು. ಕಾರ್ಖಾನೆಯ ಆಫೀಸಿನಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಪೆಟ್ಟಿಗೆಯದು. ಬಸ್ಸಿನ ಮೇಲೆ ಹಾಕಲು ಮನಸ್ಸು ಒಪ್ಪದೆ ಎರಡು ಟಿಕೆಟ್ ತೆಗೆದು, ಅದನ್ನು ಕೌದಿಯಲ್ಲಿ ಸುತ್ತಿ ಕಿಟಕಿಯ ಪಕ್ಕ ಕೂರಿಸಿ, ತಾವು ಅಂಚಿಗೆ ಕೂತು ಬಂದರಂತೆ. ಪಾವಗಡದಲ್ಲಿ ಹತ್ತಿದ ಒಬ್ಬ ಮುದುಕಿ, “ಯಾರಪ್ಪಾ ಅದು, ಮುಸುಕು ಹಾಕ್ಕಂಡು ಕುಂತೈತಲ್ಲ, ಜರ ಬಂದೈತಾ?” ಎಂದು ಕೇಳಿದಳಂತೆ. “ಹೌದಮ್ಮಾ, ಗಾಳಿ ತಾಗಬಾರ್ದು” ಎಂದರಂತೆ ಮಾಸ್ಟರ್. ಈ ಕತೆಯನ್ನು ಅವರೇ ಹೇಳಿದ್ದು. ಮಾಸ್ಟರ್ ಹೇಳಿದ್ದರಲ್ಲಿ ಅರ್ಧ ಬಿಟ್ಟು ಅರ್ಧ ನಂಬಬೇಕೆಂದು ಅಮ್ಮ ಹೇಳುತ್ತಿದ್ದಳು. ಯಾವ ಅರ್ಧ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ನಮ್ಮದು ಅವರ ಗೋಡೆಗೆ ಗೋಡೆ ಹೊಂದಿಕೊಂಡ ಮನೆ. ಅವರ ಮನೆಯ ಮುಂದಿನ ಕೋಣೆಯಲ್ಲಿ ಐದಾರು ಮಿಷನ್ನುಗಳು, ಒಳಗಿನ ಕೋಣೆಯಲ್ಲಿ ದೇವರ ಗೂಡಿನ ಕೆಳಗೆ ಕಂಪ್ಯೂಟರು. ಬಂದ ಮೂರನೆಯ ದಿನವೇ ಮಾಸ್ಟರ್ ಅದರ ಅಳತೆ ತೆಗೆದುಕೊಂಡು ಜೀನ್ಸ್ ಬಟ್ಟೆಯ ಅಂಗಿ ಹೊಲಿದರು. ಅಂಗಿ ಎಂದರೆ ಸುಮ್ಮನೆ ಮುಸುಕಲ್ಲ. ಎರಡು ಬದಿಗೆ ಜೇಬು, ಹಿಂದೆ ಚರ್ಮದ ಪಟ್ಟಿ, ಮೂಲೆಗಳಿಗೆ ತಾಮ್ರದ ಗುಂಡಿ, ಮುಂದೆ ಹಿತ್ತಾಳೆಯ ಜಿಪ್ಪು. ಪರದೆ ನೋಡಬೇಕಾದರೆ ಜಿಪ್ಪು ಇಳಿಸಬೇಕು. ದೊಡ್ಡ ಹುಡುಗರು ಅದನ್ನು ನೋಡಿ ಕಿಸಕ್ಕೆಂದರೆ ಮಾಸ್ಟರಿಗೆ ಸಿಟ್ಟು. “ಮರ್ಯಾದಿ ಇರೋ ಸಾಮಾನು ಮೈಮ್ಯಾಲೆ ಬಟ್ಟಿ ಹಾಕ್ಕೊಂಡಿರಬೇಕಲೇ. ನಿಮ್ಮಂಗ ಚಡ್ಡಿ ಮ್ಯಾಲೆ ಊರು ತಿರಗತೈತೇನು?” ಎನ್ನುತ್ತಿದ್ದರು.

ಕಂಪ್ಯೂಟರ್ ಏಕೆ ತಂದಿರಿ ಎಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ. ಬ್ಯಾಂಕಿನವರಿಗೆ ‘ಡಿಸೈನ್’, ಬೀದಿಯವರಿಗೆ ‘ಫ್ಯೂಚರ್’, ಹೆಂಡತಿಗೆ ‘ಸ್ಟೇಟಸ್’. ಅವರ ಭಾಷೆಯಲ್ಲೊಂದು ಕ್ರಮವಿತ್ತು. ನಿಜ ಹೇಳಬೇಕಾದರೆ ಕನ್ನಡ, ಚೌಕಾಸಿಗೆ ತೆಲುಗು, ಸುಳ್ಳಿಗೆ ಇಂಗ್ಲಿಷು. ಬಳ್ಳಾರಿಯಿಂದ ಒಬ್ಬರು ಅಂಗಡಿಯವರು ಮಾಲು ನೋಡಲು ಬಂದಾಗ ಮಾಸ್ಟರ್ ಭಕ್ತಿಯಿಂದ ಜಿಪ್ಪು ಇಳಿಸಿ, ಬಾಂಬುಗಳನ್ನು ಚೌಕಗಳ ಕೆಳಗೆ ಬಚ್ಚಿಟ್ಟಿರುವ ಆಟವೊಂದನ್ನು ತೆರೆದು ತೋರಿಸಿದರು. “ಇದು ಮಾರ್ಕರ್ ಸಿಸ್ಟಮ್ ಸರ್. ಒಂದು ಥಾನಿನಾಗ ಎಷ್ಟು ಪ್ಯಾಂಟ್ ಕುಂದ್ರತಾವ, ಆಟೊಮೆಟಿಕ್!” ಅಂಗಡಿಯವರು ಕುತೂಹಲಕ್ಕೆ ತಾವೇ ಒಂದು ಚೌಕ ಒತ್ತಿದರು. ಬಾಂಬು ಸಿಡಿಯಿತು. ಮಾಸ್ಟರ್ ಒಂದು ಕ್ಷಣವೂ ತಡವರಿಸಲಿಲ್ಲ. “ನೋಡಿದ್ರಿಲ್ಲ? ಅಲ್ಲಿ ಕಟ್ ಮಾಡಿದ್ರ ಬಟ್ಟಿ ವೇಸ್ಟ್. ಮೊದಲ ವಾರ್ನಿಂಗ್ ಕೊಡತೈತಿ!” ಎಂದರು. ಅಂಗಡಿಯವರು ಮರುದಿನವೇ ಆರ್ಡರು ಕೊಟ್ಟರು. ಆ ಪ್ಯಾಂಟುಗಳ ಸೊಂಟ ಚೀಟಿಯಲ್ಲಿ ಬರೆದದ್ದಕ್ಕಿಂತ ಒಂದು ಅಂಗುಲ ಕಡಿಮೆ ಇದ್ದದ್ದು ಬೇರೆ ಮಾತು. ಯಾರಾದರೂ ತಕರಾರು ತೆಗೆದರೆ, “ಪ್ಯಾಂಟ್ ಸರಿ ಐತ್ರಿ, ಹಬ್ಬದಾಗ ಹೋಳಿಗಿ ಎಷ್ಟು ತಿಂದ್ರಿ ಹೇಳ್ರಿ?” ಎಂದು ತಿರುಗಿ ಕೇಳುವ ಗಂಡು ಅವರು.

ಇನ್ನು ನಮ್ಮ ಆಟದ ವಿಷಯ. ಆ ಪೆಟ್ಟಿಗೆಯಲ್ಲಿ ಆಫೀಸಿನ ಯಾವ ಪುಣ್ಯಾತ್ಮನೋ ನಾಲ್ಕೈದು ಆಟ ತುಂಬಿಸಿಟ್ಟಿದ್ದ. ಇಸ್ಪೀಟು, ಬಾಂಬು, ಬಾಲ ಬೆಳೆಸಿಕೊಳ್ಳುತ್ತ ಹೋಗುವ ಹಾವು. ಎಲ್ಲಕ್ಕಿಂತ ಮೇಲಾದದ್ದು ಒಬ್ಬ ಸಣ್ಣ ಮನುಷ್ಯನ ಆಟ. ಅವನು ಏಣಿ ಹತ್ತಬೇಕು, ಹೊಂಡ ಹಾರಬೇಕು, ಎಲ್ಲೋ ಬಿದ್ದಿರುವ ಬೀಗದ ಕೈ ಹುಡುಕಿ ಬಾಗಿಲು ತೆರೆಯಬೇಕು. ಬಾಗಿಲಾಚೆ ಇನ್ನೊಂದು ಮಹಡಿ, ಇನ್ನಷ್ಟು ಹೊಂಡ. ಮಾಸ್ಟರ್ ಅವನಿಗೆ ‘ಹೆಲ್ಪರ್’ ಎಂದು ಹೆಸರಿಟ್ಟಿದ್ದರು. “ದಿನಾ ಓಡತಾನ, ಕುಂದ್ರಂಗಿಲ್ಲ, ಚಾ ಕೇಳಂಗಿಲ್ಲ. ಇಂಥಾವ ಒಬ್ಬ ಸಿಕ್ಕಿದ್ರ ನನ್ನ ಯೂನಿಟ್ ಎಲ್ಲೋ ಹೋಗ್ತಿತ್ತು” ಎನ್ನುತ್ತಿದ್ದರು.

ಊರಿಗೆ ಬಂದವಳು ನೀರಿಗೆ ಬರದಿರುತ್ತಾಳೆಯೇ? ಬೀದಿಯ ಮಕ್ಕಳೆಲ್ಲ ಸಂಜೆ ಅವರ ಬಾಗಿಲಲ್ಲಿ ಹಾಜರು. ಮಾಸ್ಟರ್ ನಮ್ಮನ್ನು ಒಂದು ವಾರ ಪುಕ್ಕಟೆ ಆಡಲು ಬಿಟ್ಟರು. ರುಚಿ ಹತ್ತಿತೆಂದು ಖಾತ್ರಿಯಾದ ಮೇಲೆ ಕಾನೂನು ತಂದರು. ಹೊಲಿದು ಮುಗಿದ ಪ್ಯಾಂಟಿನ ಅಂಚುಗಳಲ್ಲಿ ದಾರದ ತುದಿಗಳು ಜೋತುಬಿದ್ದಿರುತ್ತವೆ. ಅವನ್ನು ಒಂದೊಂದಾಗಿ ಸಣ್ಣ ಕತ್ತರಿಯಿಂದ ಕತ್ತರಿಸಿ ಚೊಕ್ಕಟ ಮಾಡಬೇಕು. ಆಟದ ಹೆಲ್ಪರನಿಗೆ ಮೂರು ಜೀವ ಇರುತ್ತಿದ್ದವು. ನಾವೆಲ್ಲ ‘ಲೈಫ್’ ಎನ್ನುತ್ತಿದ್ದೆವು. ಮಾಸ್ಟರ ಕಾನೂನು ಸರಳ: ಎರಡು ಪ್ಯಾಂಟಿನ ದಾರ ಕತ್ತರಿಸಿದರೆ ಒಂದು ಲೈಫ್. ನಾವು ಬಾಯಿ ಮುಚ್ಚಿಕೊಂಡು ಕತ್ತರಿಸಿದೆವು. ಕಬ್ಬಿಣದಂಥ ಬಟ್ಟೆ, ಬೆರಳಲ್ಲಿ ಬೊಬ್ಬೆ. ಆದರೂ ಹೆಲ್ಪರ್ ಹೊಂಡಕ್ಕೆ ಬಿದ್ದು ಸತ್ತರೆ ಓಡಿಹೋಗಿ ಇನ್ನೆರಡು ಪ್ಯಾಂಟು ಎತ್ತಿಕೊಳ್ಳುತ್ತಿದ್ದೆವು. ಲೋಕದಲ್ಲಿ ಜೀವಕ್ಕೆ ಬೆಲೆಯಿಲ್ಲ ಎನ್ನುವವರು ನಮ್ಮ ಬೀದಿಗೆ ಬಂದು ನೋಡಬೇಕಿತ್ತು.

ಅವರು ಇಲ್ಲದಾಗ ನಾವು ಕದ್ದು ಆಡಬಾರದೆಂದು ಮೌಸಿನ ಹೊಟ್ಟೆಯೊಳಗಿನ ಗುಂಡನ್ನು ತೆಗೆದು, ತಮ್ಮ ಜೀನ್ಸ್ ಪ್ಯಾಂಟಿನ ಪುಟ್ಟ ಕಿರುಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆ ಜೇಬು ಯಾತಕ್ಕಿದೆ ಎಂದು ಜೀನ್ಸ್ ಹೊಲಿಯುವ ಊರಿಗೇ ಗೊತ್ತಿರಲಿಲ್ಲ, ಮಾಸ್ಟರ್ ಕಂಡುಹಿಡಿದರು. ಅವರು ಬೀದಿಯಲ್ಲಿ ಬರುವಾಗ ನಾವು ಮೊದಲು ನೋಡುತ್ತಿದ್ದುದು ಮುಖವನ್ನಲ್ಲ, ಆ ಜೇಬಿನ ಉಬ್ಬನ್ನು.

ಮಡಕಶಿರ ಕಡೆಯ ಹೆಣ್ಣುಮಗಳಾದ ಅಮ್ಮನಿಗೆ ಇದೆಲ್ಲ ಸರಿಬರುತ್ತಿರಲಿಲ್ಲ. “ಏನ್ ದೇವ್ರಂಥೋನಪ್ಪಾ! ಮಕ್ಳ ಕೈಲಿ ಗೇಯಿಸ್ಕಂತಾನೆ, ಮ್ಯಾಲೆ ಇದ್ಯೆ ಹೇಳ್ಕೊಡ್ತೀನಿ ಅಂತಾನೆ” ಎಂದು ಗೋಡೆಗೆ ಕೇಳುವಂತೆ ಹೇಳುತ್ತಿದ್ದಳು. ಗೋಡೆಯ ಆಚೆಯಿಂದ ಮಿಷನ್ನಿನ ಸದ್ದು ಇನ್ನಷ್ಟು ಜೋರಾಗುತ್ತಿತ್ತು.

ನಾನು ಆ ಬೀದಿಯ ಎಲ್ಲರಿಗಿಂತ ಚೆನ್ನಾಗಿ ಆಡುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ನಾಚಿಕೆಯಿಲ್ಲ. ಹುಡುಗರೆಲ್ಲ ಐದನೆಯ ಬಾಗಿಲಲ್ಲಿ ಸಾಯುತ್ತಿದ್ದಾಗ ನಾನು ಏಳನೆಯ ಬಾಗಿಲು ಮುಟ್ಟಿದ್ದೆ. ಅದರಾಚೆ ಏನಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಪ್ಯಾಂಟಿನ ದಾರ ಕತ್ತರಿಸುವುದರಲ್ಲೂ ನಾನೇ ಮುಂದು. ಹೀಗಾಗಿ ಮಾಸ್ಟರಿಗೆ ನನ್ನ ಮೇಲೆ ಎರಡು ಬಗೆಯ ಪ್ರೀತಿ.

ಏಳನೆಯ ತರಗತಿಯ ಪರೀಕ್ಷೆ ಮುಗಿದ ವಾರ ಅಪ್ಪ ಒಂದು ಮಾತು ಹೇಳಿದ. ಅಪ್ಪನೂ ದರ್ಜಿಯೇ, ಬೇರೊಂದು ಯೂನಿಟ್ಟಿನಲ್ಲಿ ಹೊಲಿಯುತ್ತಿದ್ದ. ಅಲ್ಲಿ ಬಟ್ಟೆಯ ಅಂಚು ಹೊಲಿಯುವ ಓವರ್‌ಲಾಕ್ ಮಿಷನ್ನಿನ ಹುಡುಗಿಗೆ ಮದುವೆ ಗೊತ್ತಾಗಿ ಜಾಗ ಖಾಲಿಯಾಗಿತ್ತು. “ಇನ್ನ ಶಾಲಿ ಸಾಕು. ಸೋಮವಾರದಿಂದ ಪಾಪಾ ನನ್ನ ಜೊತಿ ಬರ್ಲಿ. ಕೈ ಚುರುಕು ಐತಿ” ಎಂದ. ಅಪ್ಪ ಕಟುಕನಲ್ಲ. ನಮ್ಮ ಬೀದಿಯಲ್ಲಿ ಹನ್ನೆರಡು ತುಂಬಿದ ಹೆಣ್ಣುಮಕ್ಕಳೆಲ್ಲ ಹೋಗುವ ದಾರಿ ಅದೇ ಆಗಿತ್ತು. ಅಮ್ಮ, “ಓದ್ಕಳ್ಳಿ ಬಿಡಿ, ಒಂದೇ ಮಗಾ” ಎಂದಳು. ನನಗೆ ಓದಬೇಕಿತ್ತು. ಲೆಕ್ಕವೆಂದರೆ ನನಗೆ ಆ ಏಳನೆಯ ಬಾಗಿಲಿನಂತೆಯೇ. ಆಚೆ ಏನಿದೆ ನೋಡಲೇಬೇಕೆಂಬ ಹಟ.

ಶುಕ್ರವಾರ ಸಂಜೆ ಪ್ಯಾಂಟುಗಳ ರಾಶಿಯ ಮುಂದೆ ಕೂತು ಅತ್ತೆ. ಮಾಸ್ಟರ್ ಏನೆಂದು ಕೇಳಿದರು. ಹೇಳಿದೆ. “ಅಳೂದು ಆಮ್ಯಾಲೆ. ಕಣ್ಣೀರು ಬಿದ್ರ ಬಟ್ಟಿ ಬಣ್ಣ ಬಿಡತೈತಿ” ಎಂದು ಪ್ಯಾಂಟನ್ನು ನನ್ನ ಕೈಯಿಂದ ಕಸಿದುಕೊಂಡರು. ಇಂಥ ಕಲ್ಲುಮನಸ್ಸಿನವನ ಮನೆಯಲ್ಲಿ ಮತ್ತೆ ಕಾಲಿಡಬಾರದು ಎಂದುಕೊಂಡೆ. ಅರ್ಧ ಗಂಟೆಯ ನಂತರ ಅವರು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು.

“ನಿನ್ನ ಮಗಳು ನನ್ನ ಕಂಪ್ಯೂಟರ್ ಆಪರೇಟರ್ ಅದಾಳ. ಗೊತ್ತೈತೋ ಇಲ್ಲೋ?” ಎಂದು ಅಪ್ಪನನ್ನು ಕೇಳಿದರು.

“ಆಟ ಆಡಾಕ ಬರ್ತಾಳ ಅಂತ ಊರಿಗೆಲ್ಲ ಗೊತ್ತೈತಿ ಬಿಡ್ರಿ ಮಾಸ್ಟ್ರೇ.”

“ಆಟ ಉಳದ ಹುಡುಗರು ಆಡತಾರ. ಈಕಿ ಪ್ಯಾಂಟ್ ಬರೀತಾಳ. ಕಾಲು, ಸೊಂಟ, ಜೇಬು, ಎಲ್ಲಾ ಅದರಾಗ ಗೆರಿ ಹಾಕತಾಳ. ಇನ್ನ ಮೂರು ವರ್ಷ ಓದಿದ್ಲು ಅಂದ್ರ ಈ ಊರಾಗ ಕತ್ತರಿ ಹಿಡಿಯೋರ ಇರಂಗಿಲ್ಲ, ಎಲ್ಲಾ ಈಕಿ ಕೈಯಾಗ.”

ಅಪ್ಪ ಹೆಗಲ ಮೇಲಿನ ಟವಲನ್ನು ಕೊಡವಿಕೊಂಡ. “ಹಂಗಾರ ಆದಿವಾರ ಬರ್ತೀನಿ, ತೋರಸ್ರಿ. ಕೆಲಸ ಆದ್ರ ಓದ್ಲಿ. ಆಟ ಆದ್ರ ಸೋಮವಾರ ಓವರ್‌ಲಾಕ್” ಎಂದ.

ಶನಿವಾರ ಮಧ್ಯಾಹ್ನವೆಲ್ಲ ಮಾಸ್ಟರ್ ನನ್ನನ್ನು ಕೂರಿಸಿ, ಚಿತ್ರ ಬರೆಯುವ ಪುಟ ತೆರೆಸಿ, ಪ್ಯಾಂಟು ಬರೆಯುವುದನ್ನು ಕಲಿಸಿದರು. ಬಳಪದಲ್ಲಿ ಎಳೆದರೆ ಗೀಟು ಹಾಕಿದಂತೆ ಬರುತ್ತಿದ್ದ ಅವರ ಗೆರೆ ಮೌಸಿನಲ್ಲಿ ಕುಡಿದವನ ಹೆಜ್ಜೆಯಂತೆ ಬಂತು. ನನ್ನದು ಪರವಾಗಿರಲಿಲ್ಲ. ಸಂಜೆಯ ಹೊತ್ತಿಗೆ ಎರಡು ಕಾಲು, ಒಂದು ಸೊಂಟ, ಒಂದು ಜಿಪ್ಪು ಬರೆಯುವಷ್ಟಾದೆ. ಎಡಗಾಲು ತುಸು ಗಿಡ್ಡವಾಗಿತ್ತು. ಅಭ್ಯಾಸದ ನಡುವೆ ನಾಲ್ಕು ಪ್ಯಾಂಟಿನ ದಾರವನ್ನೂ ಕತ್ತರಿಸಿದೆ, ಕಾನೂನು ಕಾನೂನೇ. “ನಿಂದು ಎರಡು ಲೈಫ್ ಆದ್ವು. ನಾಳಿ ನಿಮ್ಮಪ್ಪ ಹೋದ ಮ್ಯಾಲೆ ಆಡೀವಂತಿ. ಇವತ್ತು ಮಿಷನ್ ದಣದೈತಿ” ಎಂದು ನನ್ನನ್ನು ಮನೆಗೆ ಕಳಿಸಿದರು.

ಇಲ್ಲಿ ನಮ್ಮೂರಿನ ಒಂದು ಪದ್ಧತಿ ಹೇಳಬೇಕು. ಶನಿವಾರ ಸಂಜೆ ಕೆಲಸ ಮುಗಿದ ಮೇಲೆ ಎಲ್ಲ ಹೊಲಿಗೆ ಮಿಷನ್ನುಗಳಿಗೂ ಎಣ್ಣೆ ಹಾಕುತ್ತಾರೆ. ಉದ್ದ ಮೂತಿಯ ಸಣ್ಣ ಡಬ್ಬಿಯಿಂದ ಒಂದೊಂದು ತೂತಿಗೂ ಎರಡೆರಡು ಹನಿ. ಆಮೇಲೆ ಸೂಜಿಯ ಕೆಳಗೆ ಚಿಂದಿ ಬಟ್ಟೆಯ ತುಂಡು ಸಿಕ್ಕಿಸಿ ಬಿಡುತ್ತಾರೆ, ಹೆಚ್ಚಿನ ಎಣ್ಣೆಯನ್ನು ಅದು ಹೀರಿಕೊಳ್ಳಲಿ ಎಂದು. ದೊಡ್ಡ ಆರ್ಡರಿನ ಹಿಂದಿನ ದಿನವಾದರೆ ಹನಿಗಳ ಲೆಕ್ಕವಿಲ್ಲ. ಎಣ್ಣೆ ಹಾಕದ ಮಿಷನ್ನು ನಾಳೆ ಮಾನ ತೆಗೆಯುತ್ತದೆ ಎಂಬುದು ನಮ್ಮ ದರ್ಜಿಗಳ ವೇದವಾಕ್ಯ.

ನಾಳೆ ಮಾಸ್ಟರ ಮಾನದ ಪ್ರಶ್ನೆಯಿತ್ತು. ಎಲ್ಲ ಮಿಷನ್ನುಗಳಿಗೂ ಎಣ್ಣೆ ಹಾಕಿ ಮುಗಿಸಿದ ಮೇಲೆ ಅವರು ಡಬ್ಬಿ ಹಿಡಿದು ಒಳಗಿನ ಕೋಣೆಗೆ ಹೋದರು. ಕಂಪ್ಯೂಟರಿನಲ್ಲಿ ತೂತುಗಳಿಗೆ ಬರವೇ? ಹಿಂದಿನ ಫ್ಯಾನಿನ ತೂತು, ಬದಿಯ ಗಾಳಿಯ ತೂತು, ಪರದೆಯ ಡಬ್ಬದ ಬೆನ್ನಿನ ನೂರಾರು ತೂತು, ಫ್ಲಾಪಿಯ ಬಾಯಿ, ಕೀಲಿಗಳ ಸಂದುಗೊಂದು. ಯಾವುದಕ್ಕೂ ಅನ್ಯಾಯ ಮಾಡಲಿಲ್ಲ. ಕೊನೆಗೆ ಫ್ಲಾಪಿಯ ಬಾಯಿಗೆ ಒಂದು ಚಿಂದಿ, ಮೌಸಿನ ಕೆಳಗೆ ಒಂದು ಚಿಂದಿ ಇಟ್ಟು, ಜಿಪ್ಪು ಏರಿಸಿ, ಕೈ ಮುಗಿದು ಬಂದರಂತೆ. ಇದನ್ನು ಅವರ ಹೆಂಡತಿ, ನಾವು ಅತ್ತಿ ಎಂದು ಕರೆಯುತ್ತಿದ್ದವರು, ಆಮೇಲೆ ಹೇಳಿದ್ದು.

ಭಾನುವಾರ ಬೆಳಿಗ್ಗೆ ನಾನು ಮೊದಲು ಹೋದೆ. ಕೋಣೆಯ ತುಂಬ ಮಿಷನ್ ಎಣ್ಣೆಯ ಘಮ. ಮಾಸ್ಟರ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದರು. “ಹೂಂ, ಒತ್ತು” ಎಂದರು. ಜಿಪ್ಪು ಇಳಿಸಿ ಗುಂಡಿ ಒತ್ತಿದೆ. ಒಳಗೆ ಟಪ್ ಎಂದು ಒಂದು ಸದ್ದು. ಸಣ್ಣಗೆ ಹೊಗೆ. ಆಮೇಲೆ ಏನೂ ಇಲ್ಲ. ಮತ್ತೆ ಒತ್ತಿದೆ, ಮತ್ತೆ ಒತ್ತಿದೆ. ಪರದೆ ಕಪ್ಪಗೆ ಕೂತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಡುವ ಸದ್ದು.

ಮುಗಿಯಿತು, ನಾಳೆ ಓವರ್‌ಲಾಕ್ ಎಂದುಕೊಂಡೆ. ಮಾಸ್ಟರ್ ಸರಕ್ಕನೆ ಬಗ್ಗಿ ಜಿಪ್ಪನ್ನು ಮುಕ್ಕಾಲು ಏರಿಸಿ, ನನ್ನ ಕಿವಿಯಲ್ಲಿ, “ಕುಂದ್ರು. ಹೊಡಿತಾ ಇರು, ನಿಲ್ಲಸಬ್ಯಾಡ” ಎಂದರು.

ನಾನು ಎಣ್ಣೆಯಲ್ಲಿ ಜಾರುತ್ತಿದ್ದ ಕೀಲಿಗಳನ್ನು ಹೊಡೆಯತೊಡಗಿದೆ. ಎಡಗೈಯಿಂದ ಮೌಸು ಆಡಿಸಿದೆ. ಅದು ಹಗುರವಾಗಿತ್ತು. ಗುಂಡು ಹಾಕುವುದನ್ನೂ ಮಾಸ್ಟರ್ ಮರೆತಿದ್ದರು; ಅವರ ಕಿರುಜೇಬು ಉಬ್ಬಿಕೊಂಡೇ ಇತ್ತು. ಅಪ್ಪ ಬಂದು ನನ್ನ ಹಿಂದೆ ನಿಂತ.

“ಏನೂ ಕಾಣಂಗಿಲ್ಲಲ್ರೀ?” ಎಂದ.

“ಕಾಣಬಾರ್ದು. ಇದೇನು ಬಯಲಾಟ ಅಲ್ಲ, ಬಣ್ಣ ತೋರಸಾಕ. ಕೆಲಸ ಒಳಗ ನಡೀತೈತಿ. ಗೆರಿ ಎಲ್ಲಾ ಒಳಗ ಕುಂದ್ರತಾವ. ಬೆಳಕು ಬಿದ್ರ ಅಳತಿ ತಪ್ಪತೈತಿ, ಅದಕ್ಕ ಮುಚ್ಚೇವಿ.” ಮಾಸ್ಟರ ಹಣೆಯಿಂದ ಬೆವರು ಇಳಿಯುತ್ತಿತ್ತು. ನನಗೆ ಆಗಲೂ ಒಂದು ಸಂಗತಿ ವಿಚಿತ್ರವೆನ್ನಿಸಿತು. ಇಷ್ಟು ದೊಡ್ಡ ಸುಳ್ಳಿನಲ್ಲಿ ಅವರು ಒಂದೇ ಒಂದು ಇಂಗ್ಲಿಷ್ ಪದ ಬಳಸಲಿಲ್ಲ. “ಈಗ ನೋಡು, ಬಲಗಾಲು ಮುಗೀತು. ಎಡಗಾಲು ಹಿಡದಾಳ. ಆಕಿ ಕೈ ನೋಡು ನೀನು, ಕೈ ನೋಡು! ಈ ಕೈ ಅಂಚು ಹೊಲಿಯಾಕ ಹಚ್ಚಿದ್ರ ದೇವರು ಮೆಚ್ಚಂಗಿಲ್ಲಪಾ.”

ಅಪ್ಪ ನನ್ನ ಕೈ ನೋಡಿದ. ಪರದೆ ನೋಡಿದ. ಮುಂದೆ ಬಂದು ಜೀನ್ಸಿನ ಅಂಗಿಯ ಮೇಲೆ ಅಂಗೈ ಇಟ್ಟು ಸ್ವಲ್ಪ ಹೊತ್ತು ಹಾಗೇ ನಿಂತ. ದೇವರ ಮೇಲೆ ಕೈ ಇಟ್ಟು ಪ್ರಮಾಣ ಮಾಡುವಂತೆ ಕಂಡಿತು ನನಗೆ. ಆಮೇಲೆ ಆ ಕೈಯನ್ನು ಮೂಗಿನ ಹತ್ತಿರ ತಂದುಕೊಂಡ.

“ಎಣ್ಣಿ ಹಾಕೀರೇನ್ರೀ?”

“ಹೌದಪಾ. ನಿನ್ನೆ ಸಂಜಿಗಿ. ಎಲ್ಲಾದಕ್ಕೂ ಹಾಕಿದಂಗ.”

“ಹಂಗಾರ ಕೆಲಸದ್ದ ಐತಿ ಬಿಡ್ರಿ. ಆಟದ ಸಾಮಾನಿಗೆ ಯಾರು ಎಣ್ಣಿ ಹಾಕತಾರ?” ಎಂದು ಅಪ್ಪ ತಿರುಗಿ ಹೊರಟ. ಹೊಸ್ತಿಲಲ್ಲಿ ನಿಂತು, “ಓದ್ಲಿ” ಎಂದ.

ಅಪ್ಪ ಹೋದ ಮೇಲೆ ಮಾಸ್ಟರ್ ನೆಲದ ಮೇಲೆ ಕೂತುಬಿಟ್ಟರು. ನಾನು ಇನ್ನೂ ಕೀಲಿ ಹೊಡೆಯುತ್ತಲೇ ಇದ್ದೆ. “ಸಾಕು ಬಿಡವ್ವಾ, ಸತ್ತೈತಿ” ಎಂದರು.

ಬಳ್ಳಾರಿಯಿಂದ ಬಂದ ರಿಪೇರಿಯವನು ಪೆಟ್ಟಿಗೆ ಬಿಚ್ಚಿ ನೋಡಿ, ಇದರಲ್ಲಿ ಬಜ್ಜಿ ಕರಿದಿದ್ದಿರಾ ಎಂದು ಕೇಳಿದ. ಅಲ್ಲಿಗೆ ನಮ್ಮ ಹೆಲ್ಪರ್ ಏಳನೆಯ ಬಾಗಿಲ ಮುಂದೆಯೇ ಸತ್ತ. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಪ್ಯಾಂಟುಗಳ ರಾಶಿಯ ಮುಂದೆ ಮಾಸ್ಟರೂ ಅತ್ತಿಯೂ ಕನ್ನಡಕ ಏರಿಸಿಕೊಂಡು ದಾರ ಕತ್ತರಿಸುತ್ತ ಕೂತಿರುವುದು ಕಾಣುತ್ತಿತ್ತು. ಒಮ್ಮೆ ಕನಿಕರಪಟ್ಟು ನಾನು ಕತ್ತರಿ ಹಿಡಿದು ಕೂತರೆ, “ಲೈಫ್ ಕೊಡಾಕ ನನ್ನ ಹತ್ರ ಏನೂ ಇಲ್ಲ, ಹೋಗಿ ಓದ್ಕ” ಎಂದು ಎಬ್ಬಿಸಿ ಕಳಿಸಿದರು. ಸತ್ತ ಕಂಪ್ಯೂಟರು ಮಾತ್ರ ಅಂಗಿ ತೊಟ್ಟುಕೊಂಡು ದೇವರ ಗೂಡಿನ ಕೆಳಗೆ ಕೂತೇ ಇತ್ತು. ಬಂದ ಗಿರಾಕಿಗಳಿಗೆ, “ಈಗ ಆಪರೇಟರ್ ಹೈಸ್ಕೂಲ್‌ನಾಗ ಬಿಜಿ” ಎನ್ನುತ್ತಿದ್ದರಂತೆ.

ನಾನು ಹತ್ತು ಮುಗಿಸಿದೆ, ಕಾಲೇಜಿಗೆ ಹೋದೆ, ಟೀಚರಾದೆ. ಮಾಸ್ಟರನ್ನು ನೆನೆದು ಎಷ್ಟೋ ಸಲ ಗೆಳತಿಯರನ್ನು ನಗಿಸಿದ್ದೇನೆ. ಆದರೆ ಒಳಗೊಳಗೇ ಅವರ ಬಗ್ಗೆ ನನಗೊಂದು ಲೆಕ್ಕವಿತ್ತು. ನಾನು ಅಪ್ಪನ ಜೊತೆ ಹೋಗಿದ್ದರೆ ಅವರ ಪ್ಯಾಂಟಿನ ದಾರ ಕತ್ತರಿಸುವ ಒಳ್ಳೆಯ ಕೈಯೊಂದು ತಪ್ಪುತ್ತಿತ್ತು. ಶಾಲೆಗೆ ಹೋದರೆ ಸಂಜೆ ಅವರ ಮನೆಯಲ್ಲೇ. ಹೀಗಾಗಿ ಆ ಸುಳ್ಳೂ ಅವರ ಎಲ್ಲ ಸುಳ್ಳುಗಳಂತೆ ಲಾಭದ ಸುಳ್ಳೇ ಎಂದು ನಂಬಿದ್ದೆ. ಲೆಕ್ಕದ ಟೀಚರಲ್ಲವೇ, ಕೂಡಿಸಿ ಕಳೆದು ಉತ್ತರ ಬಂತೆಂದರೆ ಮತ್ತೆ ತಾಳೆ ನೋಡಲಿಲ್ಲ.

ಕಳೆದ ವರ್ಷ ಅವರಿಗೆ ಮೈ ಹುಷಾರಿಲ್ಲದಾಗ ನೋಡಲು ಹೋಗಿದ್ದೆ. ಕಣ್ಣು ಮಂಜಾಗಿತ್ತು. ಬೆರಳ ತುದಿಯ ನೀಲಿ ಹಾಗೇ ಇತ್ತು. ಹುಣಸೆಮರ ಮುಪ್ಪಾದರೂ ಹುಳಿ ಮುಪ್ಪೇ? “ಟೀಚರಮ್ಮಾ, ನಿಂದು ಎರಡು ಲೈಫ್ ಬಾಕಿ ಅದಾವ ನನ್ನ ಹತ್ರ. ಮರತಿಲ್ಲ ನಾನು” ಎಂದರು. ನಕ್ಕು ಬಂದೆ. ಆಗ ಪಕ್ಕದಲ್ಲಿ ಇನ್ನೊಂದು ಗಳಿಗೆ ಕೂರಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಎರಡು ಬಸ್ಸು ಬದಲಿಸಿ ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅತ್ತಿಯ ಕೈ ಹಿಡಿದು ಕೂತು ಎದ್ದು ಬಂದೆ. ನಮ್ಮ ಮನೆಯ ಕಟ್ಟೆಯ ಮೇಲೆ ಅಪ್ಪ ಒಬ್ಬನೇ ಕೂತಿದ್ದ. ನಾನು ಪಕ್ಕದಲ್ಲಿ ಕೂತು, ಅವನ ದುಃಖ ಕಡಿಮೆಯಾಗಲಿ ಎಂದು ನಗಿಸಲು ನೋಡಿದೆ. “ಅಪ್ಪಾ, ಇನ್ನ ಹೇಳಿದ್ರ ಏನೂ ಆಗಂಗಿಲ್ಲ. ಅವತ್ತ ನೀನು ನೋಡಾಕ ಬಂದಾಗ ಆ ಕಂಪ್ಯೂಟರ್ ಕೆಟ್ಟು ಹೋಗಿತ್ತು” ಎಂದೆ.

ಅಪ್ಪ ನಗಲಿಲ್ಲ. “ಗೊತ್ತಿತ್ತು” ಎಂದ.

“ಹೆಂಗ?” ಎಂದೆ.

“ಮಿಷನ್ ಮ್ಯಾಲೆ ಕೈ ಇಟ್ಟಿದ್ನೆಲ್ಲವಾ. ಓಡೋ ಮಿಷನ್ ಯಾವುದಿದ್ರೂ ಸಣ್ಣಗ ನಡಗತೈತಿ. ಅದು ಹೆಣ ಇದ್ದಂಗ ಇತ್ತು. ಮತ್ತ ಆ ಗುಂಡು ಆತನ ಜೇಬಿನಾಗ ಉಬ್ಬಿಕೊಂಡು ಕುಂತಿತ್ತು. ನೀನ ದಿನಾ ಬಂದು ಹೇಳತಿದ್ದೆಲ್ಲ, ಗುಂಡು ಇಲ್ದ ನಡಿಯಂಗಿಲ್ಲ ಅಂತ?”

“ಮತ್ತ ಎಣ್ಣಿ ಹಾಕ್ಯಾರ, ಕೆಲಸದ್ದ ಐತಿ ಅಂದಿ?”

“ಏನರ ಒಂದು ಅನ್ನಬೇಕಲ್ಲ. ಅಷ್ಟು ದೊಡ್ಡ ಮನಶಾ ಬೆವರಾಕತ್ತಿದ್ದ.” ಅಪ್ಪ ಹೆಗಲ ಮೇಲಿನ ಟವಲಿನಿಂದ ಮೂಗು ಒರೆಸಿಕೊಂಡ. “ಆತನ ಸುಳ್ಳು ನಾ ಇಪ್ಪತ್ತು ವರ್ಷ ಕೇಳೀನಿ. ಒಂದೊಂದಕ್ಕೂ ಒಂದು ಲಾಭ ಇರ್ತಿತ್ತು. ಅವತ್ತ ಮಿಷನ್ ಸತ್ತೈತಿ. ನಾಳಿಂದ ಒಂದು ಹುಡುಗ ಸೈತ ಆತನ ದಾರ ಕತ್ತರಸಾಕ ಬರಂಗಿಲ್ಲ, ನೀನೂ ಬರಂಗಿಲ್ಲ. ಅದು ನನಗಿಂತ ಮೊದಲ ಆತಗ ಗೊತ್ತು. ನೀ ಓದಿದ್ರ ಆತಗೇನು, ಓವರ್‌ಲಾಕಿನಾಗ ಕುಂತ್ರ ಆತಗೇನು? ಆದ್ರೂ ಬಿಡಲಿಲ್ಲ, ನಿಂತು ಹೇಳಿದ. ಅಂಥಾವ ಒಂದು ಸುಳ್ಳು ಪುಗಸಟ್ಟೆ ಹೇಳಾಕತ್ಯಾನ ಅಂದ್ರ, ಓದಿನಾಗ ಏನೋ ಐತಿ ಅನ್ನಿಸಿಬಿಡ್ತವ್ವಾ ನನಗ.”